ಕ್ಯಾರಿಯೋಗ್ರಾಂ: ಹಸಿರು ಹೋಳನ್ನು ಎಷ್ಟು ನಂಬಬಹುದು?

ಹಲ್ಲಿನಲ್ಲಿ ಈಗಿರುವ ಹುಳುಕನ್ನು ಪರೀಕ್ಷೆ ಮತ್ತು ಎಕ್ಸ್‌ರೇ ತೋರಿಸುತ್ತವೆ. ಮುಂದೆ ಹುಳುಕಾಗುವ ಸಂಭವ ಎಷ್ಟು, ಯಾವ ಕಾರಣಕ್ಕೆ ಎಂದು ಲೆಕ್ಕ ಹಾಕಲು ಸ್ವೀಡನ್ನಿನ ಮಾಲ್ಮೊದಲ್ಲಿ ಡಗ್ಲಸ್ ಬ್ರಾಥಾಲ್ ಮತ್ತು ಸಂಗಡಿಗರು ರೂಪಿಸಿದ ತಂತ್ರಾಂಶ ಕ್ಯಾರಿಯೋಗ್ರಾಂ. ಹತ್ತು ಅಂಶಗಳಿಗೆ ಅಂಕ ಕೊಟ್ಟರೆ (ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು) ಐದು ಬಣ್ಣದ ವೃತ್ತ ಮೂಡುತ್ತದೆ. ಕಡುನೀಲಿ ಆಹಾರದ್ದು, ಕೆಂಪು ಬ್ಯಾಕ್ಟೀರಿಯಾದ್ದು. ತಿಳಿನೀಲಿ ಫ್ಲೋರೈಡ್ ಮತ್ತು ಜೊಲ್ಲಿನದು, ಹಳದಿ ಹಿಂದಿನ ಹುಳುಕು ಮತ್ತು ಕಾಯಿಲೆಗಳದ್ದು. ಮಿಕ್ಕ ಜಾಗವೇ ಹಸಿರು, ಅಂದರೆ ಹೊಸ ಹುಳುಕು ತಪ್ಪುವ ಅವಕಾಶ. ಅದು ಶೇ. 20ಕ್ಕಿಂತ ಕಡಿಮೆ ಇದ್ದರೆ ಅಪಾಯ ತೀರಾ ಹೆಚ್ಚು, 80 ದಾಟಿದರೆ ತೀರಾ ಕಡಿಮೆ.

ಅಂಕ ಕೊಡುವಲ್ಲೇ ಎಡವಟ್ಟಾಗುವುದು. 'ದಿನಾ ಫ್ಲೋರೈಡ್ ಪೇಸ್ಟಿನಿಂದ ಉಜ್ಜುತ್ತಾರೆ' ಎಂದು ಫ್ಲೋರೈಡಿಗೆ 0 ಹಾಕಿಬಿಡುತ್ತಾರೆ. ಬರೀ ಪೇಸ್ಟಿಗೆ ಇಲ್ಲಿರುವ ಅಂಕ 2. ಹಲ್ಲಿಗೆ ಬಳಿಯುವ ಫ್ಲೋರೈಡ್ ವಾರ್ನಿಶ್, ಫ್ಲೋರೈಡ್ ಮೌತ್‌ವಾಶ್‌ನಂಥದ್ದು ಸದಾ ಜೊತೆಗಿದ್ದರೆ ಮಾತ್ರ 0. ಊಟತಿಂಡಿಯ ಲೆಕ್ಕವೂ ಹಾಗೆಯೇ: ದಿನಕ್ಕೆ ಮೂರು ಸಲದವರೆಗೆ 0, ಏಳು ದಾಟಿದರೆ 3. ನಡುನಡುವೆ ಗುಟುಕರಿಸುವ ಸಿಹಿ ಪಾನೀಯವನ್ನು ರೋಗಿ ತಾನಾಗಿ ಹೇಳುವುದಿಲ್ಲ, ಕೇಳಿಯೇ ತಿಳಿಯಬೇಕು.

ಬಹಳ ಮಂದಿ ಬಿಟ್ಟುಬಿಡುವುದು ಜೊಲ್ಲಿನ ಅಳತೆ. ಬಿಡಬೇಡಿ. ಅದಕ್ಕೆ ಬೇಕಾದುದು ಅಗಿಯಲು ಪ್ಯಾರಾಫಿನ್ ಮೇಣದ ತುಂಡು, ಗೆರೆಯಿರುವ ಗಾಜಿನ ಅಳತೆಪಾತ್ರೆ ಮತ್ತು ಗಡಿಯಾರ, ಅಷ್ಟೇ. ಪರೀಕ್ಷೆಗೆ ಒಂದು ಗಂಟೆ ಮುಂಚಿನಿಂದ ತಿನ್ನುವುದು, ಕುಡಿಯುವುದು, ಉಜ್ಜುವುದು ಬೇಡ. ಪ್ಯಾರಾಫಿನ್ ಮೆತ್ತಗಾಗುವ ತನಕ ಬಂದ ಜೊಲ್ಲನ್ನು ನುಂಗಲಿ. ಆಮೇಲೆ ಅಗಿಯುತ್ತಲೇ ಐದು ನಿಮಿಷ ಪಾತ್ರೆಗೆ ಉಗುಳಲಿ. ಅಳೆಯುವಾಗ ಮೇಲೆ ನಿಂತ ನೊರೆಯನ್ನು ಲೆಕ್ಕಕ್ಕೆ ಹಿಡಿಯಬಾರದು, ಹಿಡಿದರೆ ಒಣಬಾಯಿಯೂ ಸರಿಯಾಗಿದೆ ಅನ್ನಿಸಿಬಿಡುತ್ತದೆ. ಐದು ನಿಮಿಷಕ್ಕೆ 3.5 ಮಿ.ಲೀ. ಬಂದರೆ ನಿಮಿಷಕ್ಕೆ 0.7, ಇದಕ್ಕೆ ಅಂಕ 2. ನಿಮಿಷಕ್ಕೆ 1.1 ದಾಟಿದರೆ 0. ಜೊಲ್ಲು ಕಡಿಮೆ ಬಂದಾಗ ಮಾತ್ರೆಗಳ ಪಟ್ಟಿ ನೋಡಿ: ಅಲರ್ಜಿ, ಖಿನ್ನತೆಯ ಮಾತ್ರೆಗಳು ಬಾಯಿ ಒಣಗಿಸುತ್ತವೆ.

ಹುಳುಕು ತರುವ ಬ್ಯಾಕ್ಟೀರಿಯಾ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್‌ನ ಪರೀಕ್ಷೆಗೆ ಕಿಟ್ ಬೇಕು, ಫಲಿತಾಂಶಕ್ಕೆ ಸುಮಾರು ಎರಡು ದಿನ ಕಾಯಬೇಕು. ಈಚೆಗೆ ಆ್ಯಂಟಿಬಯೋಟಿಕ್ ತಿಂದವರಲ್ಲಿ ಅದು ಸುಳ್ಳು ನೆಮ್ಮದಿ ಕೊಡಬಲ್ಲದು.

ಕೊರತೆಗಳೂ ಇವೆ. ಎಷ್ಟು ಹಲ್ಲು, ಯಾವ ಹಲ್ಲು ಹುಳುಕಾಗುತ್ತದೆ ಎಂದು ಇದು ಹೇಳುವುದಿಲ್ಲ. ಹಳೆಯ ಫಿಲ್ಲಿಂಗ್ ಸೋತು ಆಗುವ ತೊಂದರೆಯೂ ಇದರ ಲೆಕ್ಕದಲ್ಲಿಲ್ಲ. ಹತ್ತನೆಯ ಅಂಶ ವೈದ್ಯರ ಸ್ವಂತ ಅಂದಾಜು. ಬಲವಾದ ಕಾರಣವಿಲ್ಲದಿದ್ದರೆ ಅದನ್ನು 1ರಲ್ಲೇ ಬಿಡುವುದು ಲೇಸು.

ನಮ್ಮ ಮಟ್ಟಿಗೆ ಇದರ ನಿಜವಾದ ಬೆಲೆ ಶೇಕಡಾವಾರಿನಲ್ಲಿಲ್ಲ, ರೋಗಿಯ ಕಣ್ಣೆದುರೇ ಅಂಕ ಬದಲಿಸಿ ತೋರಿಸುವುದರಲ್ಲಿದೆ. ತಿನ್ನುವ ಸಲದ ಅಂಕವನ್ನು 3ರಿಂದ 1ಕ್ಕೆ ಇಳಿಸಿದ ಕೂಡಲೇ ಕಡುನೀಲಿ ಕುಗ್ಗಿ ಹಸಿರು ಅಗಲವಾಗುತ್ತದೆ. 'ಸಿಹಿ ಕಡಿಮೆ ಮಾಡಿ' ಎಂಬ ಮಾತು ಮಾಡದ ಕೆಲಸವನ್ನು ಆ ಚಿತ್ರ ಮಾಡುತ್ತದೆ. ತೋರಿಸಿಯಾದ ಮೇಲೆ ಅಂಕಗಳನ್ನು ಮೊದಲಿನಂತೆ ಮಾಡಿಯೇ ಮುದ್ರಿಸಿ, ಇಲ್ಲದಿದ್ದರೆ ಇಲ್ಲದ ಹಸಿರು ರೋಗಿಯ ಕಡತ ಸೇರುತ್ತದೆ.