ಥೀಸಿಸ್ ಪುಸ್ತಕವಾಗುವಾಗ: ಡಿಟಿಪಿ ಅಂಗಡಿ, ಮೇಷ್ಟ್ರು, ಫ್ರೀಲಾನ್ಸ್ ಎಡಿಟರ್

ಹಾಸನ ಜಿಲ್ಲೆಯ ಶಾಸನಗಳಲ್ಲಿ ಬರುವ ಕೆರೆಗಳು ನನ್ನ ಪಿಎಚ್.ಡಿ. ವಿಷಯ. ಪದವಿ ಸಿಕ್ಕ ಮೇಲೆ ಅದನ್ನು ಪುಸ್ತಕ ಮಾಡಲು ಹೊರಟೆ. ಆಗ ಯಾರ ಹತ್ತಿರ ತಿದ್ದಿಸುವುದು ಎನ್ನುವ ಪ್ರಶ್ನೆ ಬಂತು. ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದರು. ಸುಮ್ನೆ ಮಾತು ನಂಬುವ ಬದಲು ಒಂದೇ ಅಧ್ಯಾಯವನ್ನು ಮೂರು ಕಡೆ ಕೊಟ್ಟು ನೋಡಿದೆ: ಡಿಟಿಪಿ ಅಂಗಡಿಯ ಪ್ರೂಫ್ ರೀಡರ್, ನಿವೃತ್ತ ಕನ್ನಡ ಮೇಷ್ಟ್ರು, ಮನೆಯಿಂದಲೇ ಕೆಲಸ ಮಾಡುವ ಫ್ರೀಲಾನ್ಸ್ ಎಡಿಟರ್.

ಡಿಟಿಪಿ ಅಂಗಡಿಯದ್ದು ಎಲ್ಲರಿಗಿಂತ ಕಡಿಮೆ ದರ, ಪುಟಕ್ಕೆ 20 ರೂಪಾಯಿ. ಬೇಗ ಕೊಟ್ಟರು. ಕಾಗುಣಿತ, ಒತ್ತಕ್ಷರ, ಅಲ್ಪಪ್ರಾಣ ಮಹಾಪ್ರಾಣ ಎಲ್ಲ ಚೊಕ್ಕವಾಗಿ ನೋಡಿದ್ದರು. ಅರ್ಥದ ತಂಟೆಗೆ ಹೋಗಲಿಲ್ಲ. ಅದು ಅವರ ಕೆಲಸವೂ ಅಲ್ಲ. ತೊಂದರೆ ಆದದ್ದು ಫಾಂಟಿನಲ್ಲಿ. ನನ್ನ ಫೈಲ್ ಯೂನಿಕೋಡ್‌ನಲ್ಲಿತ್ತು, ಅವರದು ಪುಟ ಕಟ್ಟುವ ಹಳೆಯ ಸಾಫ್ಟ್‌ವೇರ್ ಪೇಜ್‌ಮೇಕರ್ ಮತ್ತು ಹಳೆಯ ನುಡಿ ಫಾಂಟ್. ಆ ಫಾಂಟುಗಳಲ್ಲಿ ಕನ್ನಡ ಅಕ್ಷರ ಕೂತಿರುವುದೇ ಇಂಗ್ಲಿಷ್ ಅಕ್ಷರದ ಜಾಗದಲ್ಲಿ. ಹಾಗಾಗಿ ಅಡಿಟಿಪ್ಪಣಿಯಲ್ಲಿದ್ದ ಇಂಗ್ಲಿಷ್ ಪುಸ್ತಕಗಳ ಹೆಸರೆಲ್ಲ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಹೋದವು. ಪೇಜ್‌ಮೇಕರ್‌ನಲ್ಲಿ ಅಡಿಟಿಪ್ಪಣಿ ತಾನಾಗಿ ಕೂರುವುದೂ ಇಲ್ಲ, ಒಂದೊಂದನ್ನೂ ಕೈಯಲ್ಲೇ ಕೂರಿಸಬೇಕು. ಕಥೆ, ಕವನಕ್ಕೆ ಇದರಿಂದ ಏನೂ ನಷ್ಟವಿಲ್ಲ. ಸಂಶೋಧನೆಯ ಪುಸ್ತಕಕ್ಕೆ ನಷ್ಟವಿದೆ.

ಮೇಷ್ಟ್ರ ಓದು ಬಹಳ ದೊಡ್ಡದು. ಪ್ರಿಂಟ್ ತೆಗೆದುಕೊಟ್ಟೆ, ಕೆಂಪು ಪೆನ್ನಿನಲ್ಲಿ ಸಾಲು ಸಾಲಾಗಿ ಓದಿ ಗುರುತು ಹಾಕಿದರು. ಶಾಸನದ ಪಾಠ ಬಂದಲ್ಲೆಲ್ಲ ಅವರ ಕಣ್ಣು ನಿಂತಿತ್ತು. ಬಿತ್ತುವಟ್ಟ, ಕಟ್ಟುಗೊಡಗೆ ತರದ, ಕೆರೆಗಾಗಿ ಕೊಟ್ಟ ಭೂಮಿಯನ್ನು ಹೇಳುವ ಮಾತುಗಳನ್ನು ಟೈಪ್ ಮಾಡುವವರು ಒಂದೊಂದು ಕಡೆ ಒಂದೊಂದು ರೀತಿ ಹೊಡೆದಿದ್ದರು. ಶಾಸನಗಳ ಮೂಲ ಸಂಪುಟ ತೆಗೆದು ನೋಡಿ ಎಲ್ಲವನ್ನೂ ಸರಿ ಮಾಡಿದ್ದರು. ಇಷ್ಟು ಹಳಗನ್ನಡ ಬಲ್ಲವರು ಸಿಗುವುದು ಕಷ್ಟ, ಸಿಕ್ಕರೆ ಬಿಡಬಾರದು.

ಆದರೆ ನನ್ನ ಗದ್ಯವನ್ನೂ ಅವರು ತಮ್ಮ ಗದ್ಯವಾಗಿ ಬದಲಾಯಿಸಿಬಿಟ್ಟರು. ‘ಕೆರೆ ತುಂಬಿದಾಗ’ ಎಂದು ಬರೆದದ್ದು ‘ತಟಾಕವು ಜಲಾವೃತವಾದ ಸಂದರ್ಭದಲ್ಲಿ’ ಆಯಿತು. ಕೆರೆಯ ನೀರು ಬಿಡುವ ನೀರುಗಂಟಿಗಳ ಜೊತೆ ಮಾತಾಡಿ, ಅವರ ಮಾತನ್ನು ಅವರು ಆಡಿದ ಹಾಗೇ ಬರೆದುಕೊಂಡಿದ್ದೆ. ಅದೂ ಗ್ರಾಂಥಿಕವಾಯಿತು. ಇದನ್ನು ನಾನು ಒಪ್ಪಲಾರೆ. ತೂಬು ಎತ್ತುವ ಮನುಷ್ಯನ ಮಾತೇ ನನ್ನ ಅಧ್ಯಯನದ ಆಧಾರ, ಅದನ್ನು ತಿದ್ದಿದರೆ ಆಧಾರವನ್ನೇ ತಿದ್ದಿದ ಹಾಗೆ, ಅಲ್ವಾ? ಇನ್ನೊಂದು ತೊಂದರೆ, ಕೆಂಪು ಗುರುತುಗಳನ್ನು ಫೈಲಿಗೆ ಹಾಕಲು ಮತ್ತೊಬ್ಬರು ಬೇಕು. ಅವರು ಹೊಸ ತಪ್ಪು ಸೇರಿಸುತ್ತಾರೆ.

ಫ್ರೀಲಾನ್ಸ್ ಎಡಿಟರ್ ಪುಟಕ್ಕೆ 80 ರೂಪಾಯಿ ಹೇಳಿದರು. ಮೊದಲು ಕೇಳಿದಾಗ ಜಾಸ್ತಿ ಅನ್ನಿಸಿತು. ಅಧ್ಯಾಯ ವಾಪಸ್ ಬಂದಾಗ ಆ ದುಡ್ಡು ಯಾವುದಕ್ಕೆ ಎಂದು ಕಂಡಿತು. ತಿದ್ದಿದ್ದೆಲ್ಲ ವರ್ಡ್‌ನ ಟ್ರ್ಯಾಕ್ ಚೇಂಜಸ್‌ನಲ್ಲಿತ್ತು, ಬೇಡವಾದದ್ದನ್ನು ಒಂದು ಕ್ಲಿಕ್‌ನಲ್ಲಿ ತಳ್ಳಿಹಾಕಬಹುದಿತ್ತು. ಬದಿಯಲ್ಲಿ ಪ್ರಶ್ನೆಗಳಿದ್ದವು. ‘ಇದು ಶಕ ವರ್ಷವೋ ಸಾಮಾನ್ಯ ಶಕವೋ?’ ಶಾಸನದ ಶಕ ವರ್ಷಕ್ಕೆ 78 ಕೂಡಿಸಿದರೆ ಸಾಮಾನ್ಯ ಶಕ (ಕ್ರಿ.ಶ.) ಎಂದು ಶಾಸನ ಓದುವವರಿಗೆ ಗೊತ್ತು, ಪುಸ್ತಕ ಕೊಳ್ಳುವ ಎಲ್ಲರಿಗೂ ಗೊತ್ತಿರುವುದಿಲ್ಲ. ‘ಎಪಿಗ್ರಾಫಿಯಾ ಕರ್ನಾಟಿಕಾದ ಯಾವ ಆವೃತ್ತಿ?’ ಇದು ಇನ್ನೂ ಒಳ್ಳೆಯ ಪ್ರಶ್ನೆ. ಎಪಿಗ್ರಾಫಿಯಾ ಎಂದರೆ ನಮ್ಮ ಶಾಸನಗಳನ್ನು ಅಚ್ಚು ಹಾಕಿರುವ ಸಂಪುಟಗಳ ಸಾಲು. ಬಿ.ಎಲ್. ರೈಸ್ ಅವರ ಹಳೆಯ ಆವೃತ್ತಿಯಲ್ಲಿ ಹಾಸನ ಜಿಲ್ಲೆ 5ನೇ ಸಂಪುಟ. ಮೈಸೂರು ವಿಶ್ವವಿದ್ಯಾಲಯ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟಗಳ ಲೆಕ್ಕ ಬೇರೆ. ಆವೃತ್ತಿ ಹೇಳದೆ ಬರೀ ಸಂಪುಟದ ಸಂಖ್ಯೆ ಕೊಟ್ಟರೆ ಓದುಗರು ತಪ್ಪು ಪುಸ್ತಕ ತೆಗೆದು ಕೂರುತ್ತಾರೆ. ಉಳಿದ ಇಬ್ಬರು ಇದನ್ನು ಕೇಳಲಿಲ್ಲ.

‘ಅಧ್ಯಯನದ ಉದ್ದೇಶ, ವ್ಯಾಪ್ತಿ, ವಿಧಾನ’ ಎಂಬ ಭಾಗ ಪರೀಕ್ಷಕರಿಗಾಗಿ ಬರೆದದ್ದು, ಪುಸ್ತಕದಲ್ಲಿ ಮುನ್ನುಡಿಯ ಒಂದೆರಡು ಪುಟ ಸಾಕು ಎಂದರು. ಹೆಸರುಗಳನ್ನು, ಊರುಗಳನ್ನು ಹೇಗೆ ಬರೆಯಬೇಕು ಎಂದು ಒಂದು ಪಟ್ಟಿಯನ್ನೂ ಮಾಡಿ ಕಳಿಸಿದರು. ಹಳಗನ್ನಡ ತಮಗೆ ಬರುವುದಿಲ್ಲ, ಶಾಸನದ ಸಾಲುಗಳನ್ನು ಮುಟ್ಟಿಲ್ಲ ಎಂದು ಮೊದಲೇ ಬರೆದಿದ್ದರು. ಆ ಪ್ರಾಮಾಣಿಕತೆಯಿಂದಲೇ ಅವರ ಮೇಲೆ ನಂಬಿಕೆ ಬಂತು. ಒಂದೇ ಕೊರತೆ, ನಿಧಾನ.

ಪುಸ್ತಕವನ್ನು ಅವರಿಗೇ ಕೊಟ್ಟೆ. ಶಾಸನಪಾಠಗಳನ್ನು ಮಾತ್ರ ಬೇರೆ ಮಾಡಿ ಮೇಷ್ಟ್ರಿಗೆ ಕೊಟ್ಟೆ, ಅವರೂ ಖುಷಿಯಿಂದ ನೋಡಿದರು. ಪುಟ ಕಟ್ಟಿದ ಮೇಲೆ ಪ್ರೂಫ್ ಡಿಟಿಪಿ ಅಂಗಡಿಯವರದೇ. ಪುಟವನ್ನು ಈ ಸಲ ಇನ್‌ಡಿಸೈನ್‌ನಲ್ಲಿ ಯೂನಿಕೋಡ್‌ನಲ್ಲೇ ಕಟ್ಟಿಸಿದೆ. ಮೊದಲು ಎಡಿಟಿಂಗ್, ಆಮೇಲೆ ಪುಟ, ಕೊನೆಗೆ ಪ್ರೂಫ್: ಈ ಸರದಿ ತಪ್ಪಬಾರದು. ಪುಟ ಕಟ್ಟಿದ ಮೇಲೆ ಒಂದು ಪ್ಯಾರಾ ಕಿತ್ತರೂ ಮುಂದಿನ ಪುಟಗಳೆಲ್ಲ ಸರಿಯುತ್ತವೆ, ಪದಸೂಚಿ ಹಾಳಾಗುತ್ತದೆ. 16 ಪುಟದ ಒಂದು ಫಾರಂ ಹೆಚ್ಚಾದರೆ ಮುದ್ರಣದ ಖರ್ಚೂ ಏರುತ್ತದೆ.

ಇನ್ನೂ ಥೀಸಿಸ್ ಸಲ್ಲಿಸದವರಿಗೆ ಒಂದು ಮಾತು. ‘ಸಿಮಿಲಾರಿಟಿ ಕಡಿಮೆ ಮಾಡಿಕೊಡ್ತೀವಿ’ ಎನ್ನುವವರ ಹತ್ತಿರ ಹೋಗಲೇಬೇಡಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಲ್ಲಿ ಬೇರೆಯವರ ಬರಹದ ಜೊತೆ 10 ಶೇಕಡದವರೆಗೆ ಹೋಲಿಕೆ (ಸಿಮಿಲಾರಿಟಿ) ಇದ್ದರೆ ದಂಡವಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಕದ್ದ ವಾಕ್ಯದ ಪದಗಳನ್ನು ಅದಲುಬದಲು ಮಾಡಿ ಸಾಫ್ಟ್‌ವೇರಿನ ಕಣ್ಣು ತಪ್ಪಿಸುವುದು ಎಡಿಟಿಂಗ್ ಅಲ್ಲ. ಸಲ್ಲಿಸುವ ಮೊದಲು ಭಾಷೆ ತಿದ್ದಿಸುವುದಾದರೆ ಗೈಡ್‌ಗೆ ಹೇಳಿಯೇ ತಿದ್ದಿಸಿ.

ದರ ಮಾತಾಡುವಾಗ ‘ಪುಟ’ ಎಂದರೆ ಯಾವುದು ಎಂದು ಕೇಳಿ: ಎ4 ಹಾಳೆಯೋ, ಪುಸ್ತಕದ ಅಳತೆಯ ಡೆಮಿ 1/8 ಪುಟವೋ, ಅಕ್ಷರ ಎಷ್ಟು ಪಾಯಿಂಟ್? ಪದದ ಲೆಕ್ಕದ ಇಂಗ್ಲಿಷ್ ದರವನ್ನು ಕನ್ನಡಕ್ಕೆ ಹಾಕಿದರೆ ಎಡಿಟರ್‌ಗೆ ಅನ್ಯಾಯವಾಗುತ್ತದೆ. ನಮ್ಮಲ್ಲಿ ವಿಭಕ್ತಿ, ಸಂಧಿ ಎಲ್ಲ ಸೇರಿ ಒಂದೇ ಪದವಾಗುವುದರಿಂದ ಎಣಿಕೆ ಕಡಿಮೆ ಬರುತ್ತದೆ. ಅವರ ಪ್ರಶ್ನೆಗಳಿಗೆ ನೀವು ಉತ್ತರ ಹಾಕಿದ ಮೇಲೆ ಮತ್ತೊಂದು ಸುತ್ತು ಓದುವುದು ಆ ದರದಲ್ಲೇ ಸೇರಿದೆಯೋ ಇಲ್ಲವೋ, ಅದನ್ನೂ ಮುಂಗಡ ಕೊಡುವ ಮೊದಲೇ ಮೇಲ್‌ನಲ್ಲಿ ಬರೆಸಿಕೊಳ್ಳಿ.