ಜಪಾನಿಗೆ ಹೋಗುವ ಮುಂಚೆ ಮಕ್ಕಳ ಜೊತೆ ಯಾವ ಸಿನಿಮಾ? ನಾವು ನೋಡಿದ ನಾಲ್ಕು, ಜೊತೆಗೆ ಇನ್ನೊಂದು

ಟಿಕೆಟ್ ಬುಕ್ ಆದ ದಿನ ಮಗ ಕೇಳಿದ, "ಜಪಾನಲ್ಲಿ ಏನಿದೆ?" ಅವನಿಗೆ ಆರು ವರ್ಷ. ಬುಲೆಟ್ ಟ್ರೈನ್ ಇದೆ ಅಂದೆ. "ಆಮೇಲೆ?" ಆಮೇಲೆ ಏನು ಹೇಳುವುದು ಅಂತ ನನಗೂ ತೋಚಲಿಲ್ಲ. ಹತ್ತು ವರ್ಷದ ಮಗಳು ಮಾತ್ರ, "ಸುಶಿ ಇದೆ. ನಾವು ತಿನ್ನಲ್ಲ" ಅಂದಳು.

ಹೊರಡುವುದು ಮೇ ತಿಂಗಳ ನಡುವಿನಲ್ಲಿ. ಅಲ್ಲಿಯವರೆಗೆ ಶನಿವಾರ ರಾತ್ರಿ ಊಟ ಆದ ಮೇಲೆ ಒಂದೊಂದು ಸಿನಿಮಾ ಅಂತ ತೀರ್ಮಾನ ಮಾಡಿದೆವು. ನಾನು ಟೋಕಿಯೊ ಟವರ್, ಅದೇ ಊರಿನ ಶಿಬುಯಾ ಸಿಗ್ನಲ್ ಕಾಣುವ ಸಿನಿಮಾ ಹುಡುಕುತ್ತಾ ಕೂತೆ. "ಅವನ್ನ ಹೇಗೂ ಕಣ್ಣಾರೆ ನೋಡ್ತೀವಲ್ಲ, ಮತ್ಯಾಕೆ?" ಅಂದಳು ಹೆಂಡತಿ. ಅವಳ ಮಾತೇ ಸರಿ ಇತ್ತು, ಆದರೆ ಅದು ನನಗೆ ಗೊತ್ತಾಗಿದ್ದು ಅಲ್ಲಿಗೆ ಹೋದ ಮೇಲೆ.

ಮೊದಲ ಶನಿವಾರವೇ ಎಡವಿದೆ. ಹಾಕಿದ್ದು 'ಕಿಕೀಸ್ ಡೆಲಿವರಿ ಸರ್ವಿಸ್'. 1989ರದ್ದು, ಜಪಾನಿನ ಆನಿಮೇಷನ್ ನಿರ್ದೇಶಕ ಹಯಾವೋ ಮಿಯಾಜಾಕಿ ಮಾಡಿದ್ದು. ಬೇಕರಿಯೊಂದರಲ್ಲಿ ಉಳಿದುಕೊಂಡು ಪೊರಕೆ ಮೇಲೆ ಹಾರುವ ಪುಟ್ಟ ಮಾಟಗಾತಿಯ ಕಥೆ. ಮಕ್ಕಳಿಗೆ ತುಂಬಾ ಇಷ್ಟ ಆಯಿತು. ಆದರೆ ಅದರಲ್ಲಿರುವ ಊರು ಜಪಾನಿನದ್ದೇ ಅಲ್ಲ! ಸ್ವೀಡನ್ನಿನ ಸ್ಟಾಕ್‌ಹೋಮ್ ಮತ್ತು ವಿಸ್ಬಿ ಪಟ್ಟಣಗಳನ್ನು ನೋಡಿ ಬರೆದ ಊರು ಅದು. ಸಿನಿಮಾ ಮುಗಿದ ಮೇಲೆ ಮಗ, "ನಾವು ಹೋಗೋ ಮನೆಯಲ್ಲೂ ಬೇಕರಿ ಇರತ್ತಾ?" ಅಂದ. ಸುಮ್ನೆ ನೋಡುವುದಾದರೆ ನೋಡಿ. ಪ್ರವಾಸದ ತಯಾರಿಗೆ ಬೇಡ.

ಎರಡನೆಯದು ರಿಚರ್ಡ್ ಗೇರ್ ಇರುವ 'ಹಾಚಿ', 2009ರದ್ದು. ಇದೂ ಜಪಾನಿನಲ್ಲಿ ನಡೆಯುವುದಿಲ್ಲ. ಜಪಾನಿನ ಒಂದು ನಾಯಿಯ ನಿಜ ಕಥೆಯನ್ನು ಎತ್ತಿ ಅಮೆರಿಕದ ರೋಡ್ ಐಲ್ಯಾಂಡಿಗೆ ತಂದಿದ್ದಾರೆ. ಗೊತ್ತಿದ್ದೇ ಹಾಕಿದೆ, ಯಾಕೆಂದರೆ ನಿಜವಾದ ಹಾಚಿಕೊ ಶಿಬುಯಾ ಸ್ಟೇಷನ್ನಿನ ನಾಯಿ. ಅದರ ಯಜಮಾನ ಪ್ರೊಫೆಸರ್ ಉಏನೊ 1925ರಲ್ಲಿ ತೀರಿಕೊಂಡರು. ನಾಯಿ 1935ರಲ್ಲಿ ಸಾಯುವ ತನಕ ಸ್ಟೇಷನ್ ಹತ್ತಿರ ಅವರಿಗಾಗಿ ಕಾಯಿತು.

ಸಿನಿಮಾ ನೋಡಿ ಮಗಳು ಅತ್ತಿದ್ದು ಹೇಳತೀರದು. ಹೆಂಡತಿ ನನ್ನನ್ನೇ ದುರುಗುಟ್ಟಿ ನೋಡಿದಳು. ಮಗ ಅರ್ಧಕ್ಕೇ ನಿದ್ದೆ ಹೋಗಿದ್ದ, ಒಳ್ಳೆಯದೇ ಆಯಿತು. ಆಮೇಲೆ ಜಪಾನಿಗೆ ಹೋದಾಗ ಶಿಬುಯಾದಲ್ಲಿ ಹಾಚಿಕೊ ಪ್ರತಿಮೆ ಮುಂದೆ ಫೋಟೊಗೆ ಸಾಲು ನಿಂತಿದ್ದರು. ಮಗಳು ಅದನ್ನು ಎರಡು ನಿಮಿಷ ನೋಡಿ, "ಜಾಸ್ತಿ ಜನ" ಅಂತ ಮುಖ ತಿರುಗಿಸಿದಳು. ಇದಾ ಇಷ್ಟು ಅತ್ತಿದ್ದಕ್ಕೆ ಫಲ ಅನ್ನಿಸಿತು ನನಗೆ. ಆದರೆ ಟೋಕಿಯೊ ವಿಶ್ವವಿದ್ಯಾಲಯದ ಕೃಷಿ ವಿಭಾಗದ ಆವರಣದಲ್ಲಿ ಇನ್ನೊಂದು ಪ್ರತಿಮೆ ಇದೆ, 2015ರಲ್ಲಿ ಇಟ್ಟಿದ್ದು. ಅದರಲ್ಲಿ ಪ್ರೊಫೆಸರ್ ಕೊನೆಗೂ ವಾಪಸ್ ಬಂದಿದ್ದಾರೆ, ನಾಯಿ ಅವರ ಮೈಮೇಲೆ ಹಾರುತ್ತಿದೆ. ನಾವು ಹೋದಾಗ ಅಲ್ಲಿ ಬೇರೆ ಯಾರೂ ಇರಲಿಲ್ಲ. ಅದರ ಮುಂದೆ ಅವಳು ಅಲ್ಲಾಡದೆ ನಿಂತಳು. ಹಾಗಾಗಿ ಹತ್ತು ದಾಟಿದ ಮಕ್ಕಳಿದ್ದರೆ 'ಹಾಚಿ' ನೋಡಿ, ಆದರೆ ಶಿಬುಯಾಗೆ ಹೋಗಿ ಅಷ್ಟಕ್ಕೇ ಬಂದುಬಿಡಬೇಡಿ.

ನಿಜವಾದ ಪೈಪೋಟಿ ಇದ್ದಿದ್ದು ಉಳಿದ ಎರಡರ ನಡುವೆ. ಎರಡೂ ಮಿಯಾಜಾಕಿಯವರದ್ದೇ: 1988ರ 'ಮೈ ನೇಬರ್ ಟೊಟೊರೊ', 2001ರ 'ಸ್ಪಿರಿಟೆಡ್ ಅವೇ'.

ಆಸ್ಕರ್ ಬಂದಿದ್ದು ಎರಡನೆಯದಕ್ಕೆ. ಅದರ ನಾಯಕಿ ಹತ್ತು ವರ್ಷದ ಹುಡುಗಿ, ಮಗಳಿಗೆ ಅಷ್ಟೇ ಸಾಕಾಗಿತ್ತು. ಆದರೆ ಶುರುವಿನಲ್ಲೇ ಅಪ್ಪ ಅಮ್ಮ ಯಾರದ್ದೋ ಅಂಗಡಿಯಲ್ಲಿ ಕೇಳದೆ ಕೂತು ತಿಂದು ಹಂದಿಗಳಾಗಿ ಬಿಡುತ್ತಾರೆ. ಮಗ ನನ್ನ ಮುಖ ನೋಡಿದ. ನಾನು ಕಡಲೆಪುರಿ ಮೆಲ್ಲುತ್ತಿದ್ದೆ. ಬಟ್ಟಲು ಕೆಳಗಿಟ್ಟೆ. ಹತ್ತು ನಿಮಿಷದಲ್ಲಿ ಅವನನ್ನು ಅಜ್ಜಿ ಕೋಣೆಗೆ ಕರೆದುಕೊಂಡು ಹೋಗಬೇಕಾಯಿತು. ಎರಡು ಗಂಟೆಗೂ ಮೇಲೆ ಓಡುವ ಸಿನಿಮಾ ಬೇರೆ.

ಟೊಟೊರೊ ಒಂದೂವರೆ ಗಂಟೆಗಿಂತ ಕಡಿಮೆ. ವಿಲನ್ನೇ ಇಲ್ಲ. ಅಮ್ಮ ಆಸ್ಪತ್ರೆಯಲ್ಲಿದ್ದಾಳೆ, ಅಪ್ಪ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಹಳ್ಳಿ ಮನೆಗೆ ಬರುತ್ತಾನೆ. ಕೊನೆಯಲ್ಲಿ ಚಿಕ್ಕವಳು ಕಾಣೆಯಾದಾಗ ಮಾತ್ರ ಮಗ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡ. ಇದರಲ್ಲಿ ಹೆಸರಾಂತ ದೇವಸ್ಥಾನ ಇಲ್ಲ, ಟವರ್ ಇಲ್ಲ, ಬುಲೆಟ್ ಟ್ರೈನ್ ಇಲ್ಲ. ಇಷ್ಟೊಂದು ಕಡಿಮೆ ಜಪಾನ್ ಇರುವ ಸಿನಿಮಾದಿಂದ ಏನು ಪ್ರಯೋಜನ ಅಂತ ನನಗೆ ಅನುಮಾನ ಇತ್ತು.

ಆದರೆ ಮಕ್ಕಳು ಹಿಡಿದಿದ್ದೇ ಬೇರೆ. ಅಕ್ಕ ಅವಸರದಲ್ಲಿ ಶೂ ಬಿಚ್ಚದೆ, ನೆಲಕ್ಕೆ ಶೂ ತಾಗದಂತೆ ಮಂಡಿಯ ಮೇಲೆ ಮನೆಯೊಳಗೆ ಓಡಾಡುತ್ತಾಳೆ. ಸ್ಕೂಲಿನ ವ್ಯಾನ್ ಬಂದಾಗ ನೀರಿನ ಬಾಟಲಿಗೆ ನಮ್ಮ ಮಗಳು ಮಾಡುವುದೂ ಅದನ್ನೇ! ಸಿನಿಮಾದ ಅಪ್ಪ, ಹುಡುಗಿಯರು ಮೂವರೂ ಒಂದೇ ತೊಟ್ಟಿಯಲ್ಲಿ ಕೂತು ಸ್ನಾನ ಮಾಡುವುದು ನೋಡಿ ನಮ್ಮ ಮಕ್ಕಳಿಬ್ಬರೂ ಬಿದ್ದು ಬಿದ್ದು ನಕ್ಕರು. ತೊಟ್ಟಿಯ ಅಡಿಯಲ್ಲಿ ಬೆಂಕಿ ಹಾಕುತ್ತಾರೆ, ಥೇಟ್ ನಮ್ಮ ಊರಿನ ಬಚ್ಚಲು ಮನೆಯ ಹಂಡೆ ಒಲೆ ಹಾಗೆ. ಮೈ ತೊಳೆಯುವುದು ಹೊರಗೆ, ಕೂರುವುದು ಒಳಗೆ ಅಂತ ಆಗಲೇ ಹೇಳಿಕೊಟ್ಟೆವು. ಕ್ಯೋಟೊದಲ್ಲಿ ಅದು ಕೆಲಸಕ್ಕೆ ಬಂತು.

ಇಲ್ಲಿ ಭಾಷೆಯ ವಿಷಯ ಒಂದು ಹೇಳಬೇಕು. ಟೊಟೊರೊವನ್ನು ಮೊದಲು ಇಂಗ್ಲಿಷ್ ಡಬ್ಬಿಂಗಿನಲ್ಲಿ ನೋಡಿದೆವು, ಮುಂದಿನ ವಾರ ಜಪಾನಿ ಭಾಷೆಯಲ್ಲಿ. ಮಗನಿಗೆ ಸಬ್‌ಟೈಟಲ್ ಓದಲು ಬರುವುದಿಲ್ಲ, ಹಾಗಾಗಿ ನಾನೇ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಕಾಮೆಂಟ್ರಿ ಕೊಟ್ಟೆ. ಗಂಟಲು ಒಣಗಿತು, ಆದರೆ ಅದೇ ಮೇಲು. ಮನೆಯಿಂದ ಹೊರಡುವಾಗ ಅವರು "ಇತ್ತೆಕಿಮಾಸ್" ಅನ್ನುತ್ತಾರೆ. ಅದರ ಅರ್ಥ "ಹೋಗಿ ಬರ್ತೀನಿ". ಮನೆಯಲ್ಲಿ ಇರುವವರು "ಇತ್ತೆರಾಷ್ಷಾಯ್" ಅನ್ನುತ್ತಾರೆ, "ಹೋಗಿ ಬಾ". ಬರೀ "ಹೋಗ್ತೀನಿ" ಅಂದರೆ ನಮ್ಮಮ್ಮ ಬೈಯುವುದಿಲ್ಲವಾ, ಅದೇ ಲೆಕ್ಕ. ಇಂಗ್ಲಿಷ್ ಡಬ್ಬಿಂಗಿನಲ್ಲಿ ಇದು ಕಿವಿಗೇ ಬೀಳಲಿಲ್ಲ. ಕ್ಯೋಟೊದಲ್ಲಿ ನಾವು ಇಳಿದುಕೊಂಡ ಮನೆಯ ಅಜ್ಜಿ ಬೆಳಗ್ಗೆ ಬಾಗಿಲಲ್ಲಿ ನಿಂತು "ಇತ್ತೆರಾಷ್ಷಾಯ್" ಅಂದಾಗ ಮಗ ಯಾರೂ ಹೇಳದೆ "ಇತ್ತೆಕಿಮಾಸ್!" ಅಂತ ಕೂಗಿದ. ಆ ಅಜ್ಜಿ ಸಾಯಂಕಾಲ ಅವನಿಗೆ ಬಿಸ್ಕತ್ತು ಕೊಟ್ಟರು.

ಸೌತೆಕಾಯಿ ಇನ್ನೊಂದು. ಸಿನಿಮಾದಲ್ಲಿ ಪಕ್ಕದ ಮನೆ ಅಜ್ಜಿ ತಣ್ಣೀರಲ್ಲಿಟ್ಟ ಸೌತೆಕಾಯಿ ಕೊಡುತ್ತಾಳೆ. ಕ್ಯೋಟೊದ ಅರಾಶಿಯಾಮಾದಲ್ಲಿ ಕಡ್ಡಿಗೆ ಚುಚ್ಚಿದ ತಂಪು ಸೌತೆಕಾಯಿ ಮಾರುತ್ತಾರೆ. "ಟೊಟೊರೊ ಸೌತೆಕಾಯಿ!" ಅಂತ ಇಬ್ಬರೂ ಓಡಿದರು. ಸಸ್ಯಾಹಾರಿಗಳಾದ ನಮಗೆ ಜಪಾನಿನಲ್ಲಿ ಏನನ್ನೂ ವಿಚಾರಿಸದೆ ತಿನ್ನುವ ಅವಕಾಶ ಸಿಕ್ಕಿದ್ದೇ ಅಪರೂಪ. ಉಪ್ಪು ಖಾರ ಇದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಹಾಗಂತ 'ಸ್ಪಿರಿಟೆಡ್ ಅವೇ' ಪೂರ್ತಿ ಸೋತಿತು ಅನ್ನಲಾರೆ. ಟೋಕಿಯೊ ಪಕ್ಕದ ಮಿತಾಕಾದಲ್ಲಿರುವ, ಮಿಯಾಜಾಕಿಯವರ ಸ್ಟುಡಿಯೊ ಘಿಬ್ಲಿಯ ಮ್ಯೂಸಿಯಮ್ಮಿಗೆ ನಮಗೆ ಟಿಕೆಟ್ ಸಿಗಲಿಲ್ಲ. ಮುಂದಿನ ತಿಂಗಳ ಟಿಕೆಟ್ ಈ ತಿಂಗಳ 10ನೇ ತಾರೀಕು ಜಪಾನ್ ಸಮಯ ಬೆಳಗ್ಗೆ 10ಕ್ಕೆ ಬಿಡುತ್ತಾರೆ, ಅಂದರೆ ನಮ್ಮ ಆರೂವರೆಗೆ. ಆ ಹೊತ್ತಿಗೆ ನಾನು ಹಾಲಿನ ಬೂತಿನಲ್ಲಿದ್ದೆ. ತಪ್ಪು ನನ್ನದೇ. ಅದರ ಬದಲು ಕೊಗಾನೆಯಿಯಲ್ಲಿರುವ ಬಯಲು ಮ್ಯೂಸಿಯಮ್ಮಿಗೆ ಹೋದೆವು. ಹಳೆಯ ಟೋಕಿಯೊದ ಮನೆ, ಅಂಗಡಿಗಳನ್ನು ತಂದು ನಿಲ್ಲಿಸಿರುವ ಜಾಗ. ಮಿಯಾಜಾಕಿ ಇಲ್ಲಿ ನೋಡಿದ್ದನ್ನು ಆ ಸಿನಿಮಾಗೆ ಬಳಸಿಕೊಂಡಿದ್ದಾರೆ. ಅಲ್ಲೊಂದು ಹಳೆಯ ಸ್ಟೇಷನರಿ ಅಂಗಡಿ, ಗೋಡೆ ತುಂಬಾ ಪುಟ್ಟ ಪುಟ್ಟ ಡ್ರಾಯರ್. ಸಿನಿಮಾದಲ್ಲಿ ನೀರು ಕಾಯಿಸುವ ಆರು ಕೈಯ ತಾತನ ಹಿಂದಿರುವ ಗೋಡೆಯೇ ಅದು! ಮಗಳು ಕಿರುಚಿದ್ದಕ್ಕೆ ಪಕ್ಕದಲ್ಲಿದ್ದವರೂ ತಿರುಗಿ ನಕ್ಕರು. ಸಿನಿಮಾ ನೋಡದೆ ಹೋಗಿದ್ದರೆ ಅದು ಬರೀ ಹಳೆಯ ಅಂಗಡಿ.

ಅಂದ ಹಾಗೆ, ಸಿನಿಮಾ ಅಲ್ಲದ ಒಂದು ಕಾರ್ಯಕ್ರಮವೂ ಈ ಪೈಪೋಟಿಯಲ್ಲಿ ನುಸುಳಿತು. ನೆಟ್‌ಫ್ಲಿಕ್ಸ್‌ನ 'ಓಲ್ಡ್ ಎನಫ್'. ಜಪಾನಿನ ಪುಟ್ಟ ಮಕ್ಕಳು ಮೊದಲ ಸಲ ಒಬ್ಬರೇ ಅಂಗಡಿಗೆ ಹೋಗಿ ಸಾಮಾನು ತರುವುದು, ಅಷ್ಟೇ. ಒಂದೊಂದು ಕಂತು ಚಿಕ್ಕದು, ದೋಸೆ ತಿನ್ನುತ್ತಾ ನೋಡಬಹುದು. ಬೇರೆ ಯಾವುದಕ್ಕೂ ಸಮಯ ಇಲ್ಲದವರಿಗೆ ನಾನು ಇದನ್ನೇ ಹೇಳುವುದು. ಒಂದೇ ತೊಂದರೆ: ಟೋಕಿಯೊದಲ್ಲಿ ಬ್ಯಾಗ್ ಹಾಕಿಕೊಂಡು ಒಬ್ಬರೇ ಸ್ಕೂಲಿಗೆ ಹೋಗುವ ಮಕ್ಕಳನ್ನು ನೋಡಿ ಮಗ ತಾನೂ ಒಬ್ಬನೇ ಅಂಗಡಿಗೆ ಹೋಗಬೇಕು ಅಂತ ಹಟ ಹಿಡಿದ. ಮೂವತ್ತು ಹೆಜ್ಜೆ ಹಿಂದೆ ಕಳ್ಳನ ಹಾಗೆ ನಾನು. ಹಾಲು ತರಲು ಹೋದವನು ಮೊಸರು ತಂದ.

ನಾವು ಮತ್ತೆ ಹೋಗುವುದಾದರೆ ಮೊದಲು ಟೊಟೊರೊ, ಅದೂ ಜಪಾನಿ ಭಾಷೆಯಲ್ಲಿ. 'ಸ್ಪಿರಿಟೆಡ್ ಅವೇ' ಮಗಳಿಗೆ ಮಾತ್ರ, ಮಗನಿಗೆ ವಾಪಸ್ ಬಂದ ಮೇಲೆ. ಈ ಸಲವೂ ಹಾಗೇ ಆಯಿತು. ಬಂದ ಎರಡನೇ ವಾರ ಅವನೇ ಕೇಳಿ ಹಾಕಿಸಿಕೊಂಡ. ಡ್ರಾಯರ್ ಗೋಡೆ ಬಂದಾಗ, "ಇದನ್ನ ನಾನು ನೋಡಿದೀನಿ" ಅಂತ ಅಜ್ಜಿಗೆ ತೋರಿಸಿದ. ಅದಕ್ಕೂ ಮುಂಚೆ, ಹಂದಿಗಳು ಬರುವ ಹೊತ್ತಿಗೆ ಸರಿಯಾಗಿ, ನೀರು ಕುಡಿದು ಬರ್ತೀನಿ ಅಂತ ಎದ್ದು ಹೋಗಿದ್ದ.