ಕುಸ್ಕೋನಾ ಲಾ ಪಾಜಾ? ಎರಡೂ ಕಡೆ ಇದ್ದು ಬಂದ್ಮೇಲೆ ಅನ್ಸಿದ್ದು

ಪೆರುವಿನ ಕುಸ್ಕೋ 3,400 ಮೀಟರ್ ಎತ್ತರದಲ್ಲಿದೆ, ಬೊಲಿವಿಯಾದ ಲಾ ಪಾಜ್ ಸುಮಾರು 3,640. ನಮ್ಮ ಮುಳ್ಳಯ್ಯನಗಿರಿ ತುದಿನೇ 1,930 ಅಂದ್ಮೇಲೆ ನೀವೇ ಲೆಕ್ಕ ಹಾಕಿ. ನಾನು ಅಕ್ಕ ಇಬ್ರೂ ಜೂನಲ್ಲಿ ಹೋಗಿ ಎರಡೂ ಊರಲ್ಲಿ ನಾಲ್ಕ್ನಾಲ್ಕು ದಿನ ಇದ್ವಿ, ವಾಪಸ್ ಬಂದಾಗಿಂದ ಎಲ್ರೂ ಕೇಳೋದು ಒಂದೇ ಪ್ರಶ್ನೆ, ಒಂದೇ ಊರಿಗೆ ಟೈಮ್ ಇದ್ರೆ ಯಾವ್ದು ಅಂತ. ಹೋಗೋಕ್ ಮುಂಚೆ ನಾವು ಕೇಳಿದ್ದೆಲ್ಲ ಕುಸ್ಕೋ ಸುಲಭ, ಲಾ ಪಾಜ್ ಕಷ್ಟ ಅಂತ. ನಮ್ಗೆ ಆಗಿದ್ದು ಉಲ್ಟಾ.

ತಪ್ಪು ಶುರುವಾಗಿದ್ದು ಟಿಕೆಟಿಂದ. ಟ್ರಾವೆಲ್ಸ್‌ನೋರು ಲಿಮಾದಿಂದ ಡೈರೆಕ್ಟ್ ಕುಸ್ಕೋಗೆ ಫ್ಲೈಟ್ ಹಾಕ್ಕೊಟ್ಟಿದ್ರು, ಲಿಮಾ ಸಮುದ್ರದ ದಡದಲ್ಲಿರೋ ಊರು, ಅಂದ್ರೆ ಒಂದೂಕಾಲು ಗಂಟೆಲಿ ದೇಹನ ಸೀದಾ 3,400 ಮೀಟರಿಗೆ ಎತ್ತಿಟ್ಟಂಗೆ. ಸಾಯಂಕಾಲದ ಹೊತ್ತಿಗೆ ಅಕ್ಕನ ತಲೆ ಸಿಡೀತಿತ್ತು, ಅನ್ನ ಸೇರ್ಲಿಲ್ಲ, ರಾತ್ರಿ ನಿದ್ದೆಲಿ ಉಸಿರು ನಿಂತಂಗಾಗಿ ಧಡಕ್ಕಂತ ಎದ್ದು ಕೂರೋಳು. ನಂಗೂ ಅದೇ, ಆದ್ರೆ ಸ್ವಲ್ಪ ಕಮ್ಮಿ. ಎತ್ತರದಲ್ಲಿ ಗಾಳಿ ತೆಳುವಾಗಿ ಬರೋ ಈ ಕಾಯ್ಲೆಗೆ ಅಲ್ಲಿ ಸೊರೋಚೆ ಅಂತಾರೆ. ಲೇಹ್‌ಗೆ ಹೋಗಿ ಬಂದೋರಿಗೆ ಗೊತ್ತಿರತ್ತೆ, ಹೆಚ್ಚುಕಮ್ಮಿ ಅದೇ ಎತ್ತರ.

ಇನ್ನೊಂದೇನಂದ್ರೆ ಕುಸ್ಕೋ ಪೂರ್ತಿ ಕಾಲಿಂದ ನೋಡೋ ಊರು. ನಮ್ಮ ರೂಮ್ ಇದ್ದಿದ್ದು ಸಾನ್ ಬ್ಲಾಸ್ ಅನ್ನೋ ಏರಿಯಾದಲ್ಲಿ, ಚಂದ ಅಂದ್ರೆ ಚಂದ, ಬಿಳಿ ಗೋಡೆ, ನೀಲಿ ಬಾಗ್ಲು, ಕಲ್ಲು ಹಾಸಿದ ಗಲ್ಲಿ, ಆದ್ರೆ ಹಾಲು ತರ್ಬೇಕಂದ್ರೂ ಮೆಟ್ಲು. ಹತ್ತು ಮೆಟ್ಲು ಹತ್ತೋದು, ಗೋಡೆ ಹಿಡ್ಕೊಂಡು ನಿಲ್ಲೋದು, ಮತ್ತೆ ಹತ್ತು.

ಹಂಗೆ ನಿಂತಿದ್ದಕ್ಕೇ ಇಂಕಾಗಳು, ಅಂದ್ರೆ ಸ್ಪೇನಿನೋರಿಗಿಂತ ಮುಂಚೆ ಅಲ್ಲಿ ಆಳ್ತಿದ್ದೋರು, ಕಟ್ಟಿದ ಗೋಡೆಗಳನ್ನ ಅಷ್ಟು ಹತ್ರದಿಂದ ನೋಡಿದ್ದು. ಹತುನ್ ರುಮಿಯೊಕ್ ಬೀದಿಲಿ ಹನ್ನೆರಡು ಮೂಲೆಯ ಒಂದು ಕಲ್ಲಿದೆ, ಹನ್ನೆರಡೂ ಮೂಲೆಗೆ ಅಕ್ಕಪಕ್ಕದ ಕಲ್ಲುಗಳು ಕಚ್ಕೊಂಡು ಕೂತಿವೆ, ಗಾರೆ ಇಲ್ಲ ಏನಿಲ್ಲ, ಮಧ್ಯೆ ಉಗುರು ಕೂಡ ತೂರಲ್ಲ. ಮುಟ್ಟೋಕ್ ಬಿಡಲ್ಲ, ಆ ಬೀದಿಯ ಬೇರೆ ಕಲ್ಲುಗಳೂ ಏನ್ ಕಮ್ಮಿ ಇಲ್ಲ ಬಿಡಿ. ಕೊರಿಕಾಂಚ ಅಂತ ಇಂಕಾಗಳ ಸೂರ್ಯ ದೇವಸ್ಥಾನ ಇತ್ತು, ಸ್ಪೇನಿನೋರು ಬಂದು ಅದರ ಮೇಲೇನೇ ಸಾಂತೊ ದೊಮಿಂಗೊ ಚರ್ಚ್ ಕಟ್ಟಿದ್ರು. 1950ರ ಭೂಕಂಪದಲ್ಲಿ ಚರ್ಚಿಗೆ ಭಾರಿ ಪೆಟ್ಟಾಯ್ತು, ಕೆಳಗಿನ ಇಂಕಾ ಗೋಡೆ ಅಲ್ಲಾಡ್ಲಿಲ್ಲ. ಆ ಗೋಡೆ ಮುಂದೆ ನಾವು ಸುಮಾರು ಹೊತ್ತು ಸುಮ್ನೆ ನಿಂತಿದ್ವಿ. ಕಲ್ಲಿನ ಕೆಲಸದ ವಿಷಯಕ್ಕೆ ಬಂದ್ರೆ ಲಾ ಪಾಜ್ ಹತ್ರ ಇದಕ್ಕೆ ಉತ್ತರನೇ ಇಲ್ಲ.

ಕುಸ್ಕೋದಿಂದ ಬಸ್ಸಲ್ಲೇ ಹೊರಟ್ವಿ, ಟಿಟಿಕಾಕಾ ಸರೋವರದ ದಡದಲ್ಲಿರೋ ಪುನೋಲಿ ಎರಡು ರಾತ್ರಿ, ಸರೋವರನೇ 3,812 ಮೀಟರಲ್ಲಿದೆ. ತಿಕೀನಾ ಅನ್ನೋ ಕಡೆ ಬಸ್ಸನ್ನ ಮರದ ಹಲಗೆಯ ಬಾರ್ಜ್ ಮೇಲೆ ಹತ್ತಿಸಿ ದಾಟಿಸ್ತಾರೆ, ಜನ ಬೇರೆ ದೋಣಿಲಿ. ಲಾ ಪಾಜ್ ಮುಟ್ಟೋ ಹೊತ್ತಿಗೆ ತಲೆನೋವಿನ ಸುಳಿವಿಲ್ಲ. ಅದಕ್ಕೆ ಅರ್ಧ ಕಾರಣ ಅಷ್ಟೊತ್ತಿಗೆ ಮೈ ಒಗ್ಗಿದ್ದು, ಅದನ್ನ ಒಪ್ಕೋಬೇಕು, ಸೀದಾ ಫ್ಲೈಟಲ್ಲಿ ಇಳಿದೋರಿಗೆ ಇಲ್ಲೂ ಕಷ್ಟನೇ, ಯಾಕಂದ್ರೆ ಏರ್‌ಪೋರ್ಟ್ ಇರೋದು ಮೇಲಿನ ಎಲ್ ಆಲ್ಟೋಲಿ, 4,061 ಮೀಟರ್.

ಇನ್ನರ್ಧ ಕಾರಣ ಕೇಬಲ್ ಕಾರ್. 2014ರಲ್ಲಿ ಶುರುವಾದ ಮಿ ತೆಲೆಫೆರಿಕೊ, ಈಗ ಹತ್ತು ಲೈನ್. ಇದು ಟೂರಿಸ್ಟ್ ಆಟ ಅಲ್ಲ, ನಮ್ಮಲ್ಲಿ ಮೆಟ್ರೋ ಇದ್ದಂಗೆ, ಸ್ಕೂಲ್ ಮಕ್ಕಳು, ಆಲೂಗಡ್ಡೆ ಮೂಟೆ ಇಟ್ಕೊಂಡ ಹೆಂಗಸರು, ಆಫೀಸಿನೋರು ಎಲ್ಲ ಅದ್ರಲ್ಲೇ. ಒಂದು ಲೈನಿಗೆ 3 ಬೊಲಿವಿಯಾನೊ ಕೊಟ್ವಿ. ರೆಡ್ ಲೈನಲ್ಲಿ ಕೂತ್ರೆ ಹತ್ತು ನಿಮಿಷದಲ್ಲಿ ಬಟ್ಲಿನ ತಳದಂತಿರೋ ಊರಿಂದ ಎಲ್ ಆಲ್ಟೋ ಅಂಚಿಗೆ ತಂದು ಬಿಡತ್ತೆ, ದಾರೀಲಿ ಕೆಳಗೆ ಸ್ಮಶಾನ, ಗೂಡು ಗೂಡಾಗಿ ಗೋರಿಗಳು, ಪ್ರತಿ ಗೂಡಿನ ಮುಂದೆ ಹೂವು. ಎದುರಿಗೆ 6,438 ಮೀಟರಿನ ಇಲ್ಲಿಮಾನಿ, ಹಿಮ ಹೊದ್ಕೊಂಡು. ಏದುಸಿರಿಲ್ದೆ ಒಂದು ಊರಿನ ಬಡವರ ಮನೆ ತಾರಸಿಯಿಂದ ಸಾಹುಕಾರರ ಬಂಗ್ಲೆವರೆಗೂ ಒಂದೇ ಮಧ್ಯಾಹ್ನ ನೋಡಿದ್ವಿ. ಅಲ್ಲಿ ದುಡ್ಡಿರೋರು ಕೆಳಗೆ ಸೋನಾ ಸೂರ್‌ನಲ್ಲಿ, ಬೆಚ್ಚಗಿರೋ ಕಡೆ. ಇಲ್ಲದೋರು ಮೇಲೆ ಚಳೀಲಿ.

ಊಟಕ್ಕೆ ಬಂದ್ರೆ ನಾವು ಸಸ್ಯಾಹಾರಿಗಳು, ಕುಸ್ಕೋಲಿ ತೊಂದ್ರೆ ಆಗ್ಲಿಲ್ಲ, ಕೀನ್ವಾ ಸೂಪ್, ಮೊಟ್ಟೆ ಇಲ್ಲದ್ದೂ ಕೇಳಿದ್ರೆ ಮಾಡ್ಕೊಡ್ತಾರೆ. ಲಾ ಪಾಜಲ್ಲಿ ಬೆಳಗ್ಗೆ ಎಲ್ರೂ ತಿನ್ನೋ ಸಾಲ್ಟೆನ್ಯ ಅನ್ನೋ ಕರ್ಜಿಕಾಯಿಯಂಥ ತಿಂಡೀಲಿ ಮಾಂಸನೇ. ಆದ್ರೆ ಅಪಿ ಅಂತ ಒಂದಿದೆ, ನೇರಳೆ ಜೋಳದ ಹಿಟ್ಟು ಕಾಯ್ಸಿ ಚಕ್ಕೆ ಲವಂಗ ಸಕ್ಕರೆ ಹಾಕಿದ್ದು, ನಮ್ಮ ಗಂಜಿಯಷ್ಟು ಗಟ್ಟಿ, ಜೊತೆಗೆ ಪಾಸ್ತೆಲ್, ಒಳಗೆ ಚೀಸ್ ಇಟ್ಟು ಎಣ್ಣೇಲಿ ಕರಿದಿದ್ದು, ಭಟೂರದಂಗೆ ತಟ್ಟೆ ತುಂಬ ಉಬ್ಬಿರತ್ತೆ, ಮೇಲೆ ಸಕ್ಕರೆ ಪುಡಿ. ಬೆಳಗಿನ ಚಳೀಲಿ ಗ್ಲಾಸನ್ನ ಎರಡೂ ಕೈಲಿ ಹಿಡ್ಕೊಂಡು ಕುಡಿದ್ರೆ ಆಹಾ. ಕುಸ್ಕೋದ ನಾಲ್ಕು ದಿನದ ಊಟಕ್ಕಿಂತ ಆ ಒಂದು ಗ್ಲಾಸ್ ಹೆಚ್ಚು ನೆನಪಿದೆ.

ಲಿನಾರೆಸ್ ಬೀದಿಯ ಮಾಟಗಾತಿಯರ ಮಾರ್ಕೆಟ್ಟಲ್ಲಿ ಒಣಗಿಸಿದ ಲಾಮಾ ಭ್ರೂಣ ನೇತಾಕಿರ್ತಾರೆ, ಮೊದ್ಲು ನೋಡಿದಾಗ ಅಕ್ಕ ಮುಖ ತಿರುಗಿಸಿದ್ಲು. ಮನೆ ಕಟ್ಟುವಾಗ ಪಾಚಮಾಮಾ, ಅಂದ್ರೆ ಭೂಮಿತಾಯಿಗೆ ಅಂತ ಪಾಯದಲ್ಲಿ ಹೂಳೋದಂತೆ. ನಮ್ಮದು ಸಾಗರದ ಕಡೆ, ಭೂಮಿ ಹುಣ್ಣಿಮೆ ದಿನ ಬಸುರಿ ಭೂಮಿಗೆ ಬಯಕೆ ಊಟ ಅಂತ ಗದ್ದೆಗೆ ಚರಗ ಚೆಲ್ಲೋದು ನೋಡ್ಕೊಂಡೇ ಬೆಳೆದೋರು. ಅದು ನೆನಪಾಗಿ ಅಕ್ಕ ಮತ್ತೆ ಅದೇ ಅಂಗಡಿಗೆ ಹೋದ್ಲು. ಕುಸ್ಕೋದಲ್ಲೂ ಪಾಚಮಾಮಾ ಇದ್ದಾಳೆ, ಆದ್ರೆ ನಾವಿದ್ದ ಏರಿಯಾದಲ್ಲಿ ಎಲ್ಲ ಟೂರಿಸ್ಟಿಗೆ ಅಂತಲೇ ಜೋಡಿಸಿಟ್ಟಂಗಿತ್ತು.

ಹಾಗಾಗಿ ನನ್ನ ಕೇಳಿದ್ರೆ, ಬೆಟ್ಟದ ಮೇಲಿನ ಇಂಕಾಗಳ ಹಳೇ ಊರು ಮಾಚು ಪಿಚು ನೋಡ್ಲೇಬೇಕು ಅಂದ್ರೆ ಕುಸ್ಕೋ ಬಿಡೋ ಹಾಗಿಲ್ಲ, ಆದ್ರೆ ಇಳಿದ ದಿನವೇ ಟ್ಯಾಕ್ಸಿ ಮಾಡಿ ಕೆಳಗೆ 2,790 ಮೀಟರಿನ ಒಯಂತಾಯ್ತಾಂಬೋಗೆ ಹೋಗಿ, ಎರಡು ರಾತ್ರಿ ಅಲ್ಲೇ ಮಲಗಿ, ಆಮೇಲೆ ಕುಸ್ಕೋಗೆ ಹತ್ತಿ. ಊರು ಅಂತ ಬದುಕೋದನ್ನ ನೋಡ್ಬೇಕಂದ್ರೆ ಲಾ ಪಾಜ್, ಮಂಡಿನೋವಿನ ಅಮ್ಮನ್ನ ಕರ್ಕೊಂಡು ಹೋಗೋದಾದ್ರೂ, ಡಾಕ್ಟರನ್ನ ಕೇಳಿಕೊಂಡು, ನಿಧಾನಕ್ಕೆ ಎತ್ತರ ಹತ್ತಿಸಿ, ಲಾ ಪಾಜೇ. ಯೆಲ್ಲೋ ಫೀವರ್ ಲಸಿಕೆ ಹೊರಡೋ ಹತ್ತು ದಿನ ಮುಂಚೆನಾದ್ರೂ ಹಾಕಿಸ್ಕೊಳಿ, ವಾಪಸ್ ಬಂದಾಗ ನಮ್ಮ ಏರ್‌ಪೋರ್ಟಲ್ಲೇ ಕಾರ್ಡ್ ಕೇಳ್ತಾರೆ. ಕೋಕಾ ಎಲೆ ಟೀ ಅಲ್ಲಿ ಎಲ್ಲಾ ಕಡೆ ಕೊಡ್ತಾರೆ, ಆದ್ರೆ ಒಂದು ಎಲೆನೂ ಬ್ಯಾಗಲ್ಲಿ ಉಳಿಸ್ಕೋಬೇಡಿ, ಕೊಕೇನ್ ಮಾಡೋದು ಇದೇ ಎಲೆಯಿಂದ, ಇಂಡಿಯಾದಲ್ಲಿ ಅದು ಕಾನೂನಿಗೆ ವಿರುದ್ಧ. ನಮ್ಮತ್ರ ಉಳಿದಿದ್ದ ಪೊಟ್ಟಣನ ಅಕ್ಕ ಕೊನೇ ದಿನ ರೂಮ್ ಗುಡಿಸೋಕೆ ಬರ್ತಿದ್ದ ಅಮ್ಮಂಗೆ ಕೊಟ್ಲು. ಆಕೆ ಅದ್ರಲ್ಲಿ ಹರಿಯದೇ ಇರೋ ಮೂರು ಎಲೆ ಆರಿಸಿ, ಬೀಸಣಿಗೆ ಥರ ಬೆರಳಲ್ಲಿ ಹಿಡ್ಕೊಂಡು, ಇಲ್ಲಿಮಾನಿ ಕಡೆ ತಿರುಗಿ ಮೆಲ್ಲಗೆ ಉಸಿರು ಊದಿದ್ರು.